ರೋಟರ್ ಇಲ್ಲದೆ ನಿಂತ ಗಾಡಿ

ಇದನ್ನು ಓದಿ ನಗುವವರು ನಗಲಿ. ನಾನು ಮೂವತ್ತು ವರ್ಷದಿಂದ ಕೊಟ್ಟೂರಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮನುಷ್ಯ. ಇಂಜಿನ್ ನಿಂತರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ನಂಬಿ ಅನ್ನ ತಿಂದವನು. ಹೋದ ಚಳಿಗಾಲದ ಆ ರಾತ್ರಿಯೂ ಕಾರಣ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು...

ಕೊಟ್ರೇಶಪ್ಪನವರು ನಮ್ಮೂರಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅರವತ್ತು ದಾಟಿದೆ. ಅವರ ಬಳಿ ಒಂದು ಹಳೇ ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ಕಡುಗೆಂಪು ಬಣ್ಣ, ಮೇಲೆ ಕ್ಯಾನ್ವಾಸಿನ ಹೊದಿಕೆ. ಅವರ ತಂದೆ ತಂದಿದ್ದ ವಿಲಾಯತಿ ಗಾಡಿ. ಮನೆ ಪಾಲಾದಾಗ ಹಡಗಲಿಯ ಮನೆ ಅಣ್ಣ ಗುರುಬಸಪ್ಪನವರಿಗೆ ಹೋಯಿತು, ಕಾರು ತಮ್ಮನಿಗೆ ಬಂತು. ಅಣ್ಣನಿಗೆ ಆ ಕಾರೆಂದರೆ ಜೀವ. ಅದೊಂದನ್ನು ನನಗೆ ಬಿಡು ಎಂದು ಕೇಳಿದ್ದರಂತೆ. ಕೊಟ್ರೇಶಪ್ಪ ಬಿಡಲಿಲ್ಲ. ಆಮೇಲೆ ಹನ್ನೊಂದು ವರ್ಷ ಇಬ್ಬರ ನಡುವೆ ಮಾತಿಲ್ಲ.

ಆ ದಿನ ಮಧ್ಯಾಹ್ನ ಕಾರಿನ ಕೆಲಸ ಮುಗಿಸಿದ್ದೆ. ಕಾರ್ಬುರೇಟರ್ ತೊಳೆದು, ಪ್ಲಗ್ಗು, ಪಾಯಿಂಟು, ರೋಟರ್ ಎಲ್ಲವನ್ನೂ ಉಜ್ಜಿ ಕೂರಿಸಿದ್ದೆ. ಸಂಜೆ ಆರಕ್ಕೆ ಕೊಟ್ರೇಶಪ್ಪ ಗಾಡಿ ಒಯ್ಯಲು ಬಂದರು. ಇನ್ನೂ ನನ್ನ ಮುಂದೆ ನಿಂತಿದ್ದಾಗಲೇ ಅವರಿಗೆ ಫೋನು ಬಂತು. ಅತ್ತಿಗೆ ಪಾರ್ವತಮ್ಮನದು.

ಫೋನಿಟ್ಟವರು ನೇರ ಕಾರಿನ ಪಕ್ಕದ ಸೀಟಿಗೆ ಹೋಗಿ ಕೂತರು. "ಅಣ್ಣಗ ಉಸುರು ಹತ್ತೈತಂತ, ತಿಪ್ಪೇಶಿ. ರಾತ್ರಿ ದಾಟೂದಿಲ್ಲ ಅಂದಾರಂತ ಡಾಕ್ಟ್ರು. ನೀನ ಗಾಡಿ ಹೊಡಿಯಪ್ಪ, ನನ್ನ ಕೈಲೆ ಆಗೂದಿಲ್ಲ."

"ಬ್ಯಾರೆ ಗಾಡಿ ತರಿಸ್ಲೇನ್ರಿ?"

"ಬ್ಯಾಡ. ಇದನ್ನ ಅವನ ಬಾಗಲಾಗ ನಿಂದ್ರಸಬೇಕು. ತಪ್ಪಾತಪ್ಪ ಅನಬೇಕು."

ಹೊರಟೆವು. ಹಗರಿಬೊಮ್ಮನಹಳ್ಳಿ ದಾಟುವಷ್ಟರಲ್ಲಿ ಕತ್ತಲಾಗಿತ್ತು. ಇಂಜಿನ್ ಹೊಸ ಗಾಡಿಯಂತೆ ಓಡುತ್ತಿತ್ತು. ಎರಡೂ ಕಡೆ ಕಟಾವಾದ ಮೆಕ್ಕೆಜೋಳದ ಹೊಲ, ಒಣದಂಟಿನ ವಾಸನೆ, ಜಾಲಿಯ ಸಾಲು. ಒಂದು ದೀಪವೂ ಕಾಣುತ್ತಿರಲಿಲ್ಲ.

ಆಗ ಬಾನೆಟ್ ಒಳಗಿನಿಂದ ಕೇಳಿಸಿತು... ಟಕ್. ಸ್ವಲ್ಪ ತಡೆದು ಇನ್ನೊಂದು... ಟಕ್.

ಅಷ್ಟೇ. ಇಂಜಿನ್ ನಿಂತಿತು.

ನಾನು ಗಡಿಯಾರ ನೋಡಿದೆ. ಏಳೂ ಕಾಲು. ಗಾಡಿ ಗಾಳಿಯ ಸದ್ದಷ್ಟೇ ಮಾಡುತ್ತಾ ಇನ್ನಷ್ಟು ದೂರ ಉರುಳಿ, ರಸ್ತೆಯ ಅಂಚಿಗೆ ಬಂದು ತಣ್ಣಗೆ ನಿಂತಿತು.

ಪೆಟ್ರೋಲ್ ಸಾಲದಿದ್ದರೆ ಗಾಡಿ ಜಗ್ಗುತ್ತದೆ, ಕೆಮ್ಮುತ್ತದೆ, ಆಮೇಲೆ ನಿಲ್ಲುತ್ತದೆ. ಹೀಗೆ ಒಂದೇ ಏಟಿಗೆ ಸತ್ತರೆ ಅದು ಕರೆಂಟಿನ ತೊಂದರೆ. ಬಾನೆಟ್ ಎತ್ತಿ ಮೊಬೈಲ್ ಬೆಳಕು ಬಿಟ್ಟೆ. ಕಿಡಿಯ ಕರೆಂಟು ಹುಟ್ಟಿಸುವ ಕಾಯಿಲ್‌ನಿಂದ ಬರುವ ದಪ್ಪ ವೈರು ಕಿತ್ತು ಇಂಜಿನ್ನಿಗೆ ಹತ್ತಿರ ಹಿಡಿದೆ. ಕೊಟ್ರೇಶಪ್ಪ ಸೆಲ್ಫ್ ಹೊಡೆದರು. ನೀಲಿ ಕಿಡಿ ಚಟಚಟ ಹಾರಿತು. ಕಾಯಿಲ್ ಸರಿ ಇದೆ. ಪ್ಲಗ್ಗಿನ ವೈರು ಕಿತ್ತು ಹಿಡಿದೆ. ಕಿಡಿಯೇ ಇಲ್ಲ. ನಾಲ್ಕರಲ್ಲೂ ಇಲ್ಲ.

ಎಂದರೆ ತೊಂದರೆ ಇವೆರಡರ ನಡುವೆ, ಕರೆಂಟು ಹಂಚುವ ಡಬ್ಬಿಯಾದ ಡಿಸ್ಟ್ರಿಬ್ಯೂಟರ್‌ನಲ್ಲಿ. ಅದರ ಮುಚ್ಚಳವನ್ನು ಎರಡು ಸ್ಪ್ರಿಂಗ್ ಕ್ಲಿಪ್ಪು ಹಿಡಿದಿರುತ್ತವೆ. ಎರಡೂ ಬಿಗಿಯಾಗಿದ್ದವು. ಬೆರಳಿಂದ ಮೊದಲನೆಯದನ್ನು ಬಿಡಿಸಿದೆ... ಟಕ್. ಎರಡನೆಯದು... ಟಕ್.

ಓಡುವ ಗಾಡಿಯಲ್ಲಿ ನಾನು ಕೇಳಿದ್ದು ಇದೇ ಸದ್ದು.

ಮುಚ್ಚಳ ತೆಗೆದೆ. ಒಳಗೆ ರೋಟರ್ ಇರಲಿಲ್ಲ.

ರೋಟರ್ ಎಂದರೆ ಹೆಬ್ಬೆರಳಿನಷ್ಟು ದೊಡ್ಡ ತುಂಡು. ತಿರುಗುತ್ತಾ ಸರದಿಯ ಮೇಲೆ ಒಂದೊಂದು ಪ್ಲಗ್ಗಿಗೂ ಕರೆಂಟು ಹಂಚುವುದು ಅದೇ. ಅದಿಲ್ಲದೆ ಇಂಜಿನ್ ಹೊತ್ತಿಕೊಳ್ಳುವುದೇ ಇಲ್ಲ. ನಾವು ಮೂವತ್ತು ಕಿಲೋಮೀಟರಿಗೂ ಹೆಚ್ಚು ಓಡಿಸಿಕೊಂಡು ಬಂದಿದ್ದೆವು. ಮುಚ್ಚಿದ ಡಬ್ಬಿಯಿಂದ ಅದು ಹೊರಗೆ ಬೀಳಲು ಒಂದು ಕಿಂಡಿಯೂ ಇಲ್ಲ. ಆದರೂ ಇಂಜಿನ್ನಿನ ಕೆಳಗೆ ಹುಡುಕಿದೆ, ರಸ್ತೆಯ ಮೇಲೆ ಮಂಡಿಯೂರಿ ಹುಡುಕಿದೆ.

ಕೊಟ್ರೇಶಪ್ಪ ಬಾನೆಟ್ ಹತ್ತಿರ ಬಂದು ಇಣುಕಿದರು.

"ಅಣ್ಣ ಹಿಂಗ ಮಾಡತಿದ್ದ," ಎಂದರು ಮೆಲ್ಲಗೆ. "ಹುಡುಗಿದ್ದಾಗ ನಾ ಕದ್ದು ಗಾಡಿ ಒಯ್ತಿದ್ನಿ. ಅದಕ್ಕ ಅವ ದಿನಾ ರಾತ್ರಿ ಇದನ್ನ ತಗದು ಕೈಯಾಗ ಹಿಡಕೊಂಡು ಮಲಗತಿದ್ದ."

"ಸುಮ್ನಿರ್ರಿ ಸಾವ್ಕಾರ್ರ... ಈ ಹೊತ್ತಿನ್ಯಾಗ ಅದೆಲ್ಲ ಯಾಕ."

ಗಾಡಿ ಬಿಟ್ಟು ಯಾವುದಾದರೂ ಲಾರಿ ಹತ್ತೋಣ ಎಂದೆ. ಅವರು ಒಪ್ಪಲಿಲ್ಲ. "ಬರಿಗೈಲೆ ಹ್ಯಾಂಗ ಹೋಗಲಿ? ಏನರ ಮಾಡು." ಹಡಗಲಿಗೆ ಫೋನು ಮಾಡಿ ತಿಳಿಸಲೂ ಬಿಡಲಿಲ್ಲ. ನನ್ನ ಚಪ್ಪಲಿಯ ರಬ್ಬರು ಕೊಯ್ದು, ತಂತಿ ಸುತ್ತಿ ಒಂದು ರೋಟರ್ ಮಾಡಿದೆ. ಅದಕ್ಕೇ ಮುಕ್ಕಾಲು ಗಂಟೆ ಹೋಯಿತು. ಇಂಜಿನ್ ಒಂದು ಸಲ ಕೆಮ್ಮಿತು. ಆಮೇಲೆ ರಬ್ಬರು ಸುಟ್ಟ ವಾಸನೆ, ಹೊಗೆ, ಮತ್ತೆ ಅದೇ ನಿಶ್ಶಬ್ದ...

ಕೊನೆಗೆ ಈರುಳ್ಳಿ ಇಳಿಸಿ ಹಡಗಲಿಗೆ ಮರಳುತ್ತಿದ್ದ ಗೂಡ್ಸ್ ಟೆಂಪೋ ಒಂದು ನಿಂತಿತು. ಕಾರನ್ನು ಅಲ್ಲೇ ಬಿಟ್ಟು ಖಾಲಿ ಚೀಲಗಳ ಮೇಲೆ ಕೂತು ಹೋದೆವು. ಹಡಗಲಿಯ ಮನೆಯ ಮುಂದೆ ಜನ ನಿಂತಿದ್ದರು. ಅವರು ನಿಂತ ರೀತಿಯಲ್ಲೇ ಗೊತ್ತಾಯಿತು. ಜೀವ ಹೋಗಿ ಹತ್ತು ನಿಮಿಷವಾಗಿತ್ತು.

ಪಾರ್ವತಮ್ಮ ಅಳುತ್ತಿರಲಿಲ್ಲ. ಗಂಡನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಮುಷ್ಟಿ ಬಿಡಸಾಕ ಬರವಲ್ದು ಕೊಟ್ರೇಶಿ," ಎಂದರು. "ಏಳೂ ಕಾಲಿಗೆ ಇದ್ದಕ್ಕಿದ್ದಂಗ ಕೈ ಮ್ಯಾಲೆತ್ತಿದ್ರು. ಏನೋ ತಿರುವಿ ತಗದಂಗ ಮಾಡಿ ಮುಷ್ಟಿ ಹಿಡಿದ್ರು. ‘ಗಾಡಿ ನಿಂತ್ತು’ ಅಂದ್ರು. ಆಮ್ಯಾಲೆ ಬಾಯಿ ಬಿಡಲಿಲ್ಲ."

"ನನ್ನ ಹೆಸರು ತಗದನೇನವ್ವ?"

ಆಕೆ ಇಲ್ಲವೆಂದು ಗೋಣಾಡಿಸಿ ಪಕ್ಕಕ್ಕೆ ಸರಿದರು.

ಕೊಟ್ರೇಶಪ್ಪ ಕೂತು ಅಣ್ಣನ ಬೆರಳುಗಳನ್ನು ಒಂದೊಂದಾಗಿ ಸವರಿದರು. ಯಾರಿಗೂ ಬಿಡಿಸಲಾಗದ ಬೆರಳು ಅವರ ಕೈಗೆ ಸಡಿಲಾದವು. ಹಾಸಿಗೆಯ ಮೇಲೆ ಏನೋ ಉರುಳಿತು. ಕಂದುಬಣ್ಣದ ತುಂಡು, ತುದಿಗೆ ಹಿತ್ತಾಳೆ...

ನಾನು ಎತ್ತಿಕೊಂಡೆ. ಮಧ್ಯಾಹ್ನ ನಾನೇ ಅರದಿಂದ ಉಜ್ಜಿದ್ದ ಗೀರುಗಳು ಹಿತ್ತಾಳೆಯ ಮೇಲೆ ಹೊಳೆಯುತ್ತಿದ್ದವು. ಸತ್ತವರ ಕೈ ಆಗಲೇ ತಣ್ಣಗಾಗಿತ್ತು. ರೋಟರ್ ಮಾತ್ರ ಓಡುತ್ತಿದ್ದ ಇಂಜಿನ್ನಿನಿಂದ ಈಗಷ್ಟೇ ತೆಗೆದಂತೆ ಬಿಸಿಯಾಗಿತ್ತು.

ಮರುದಿನ ಸಮಾಧಿಯಲ್ಲಿ ಕೂರಿಸುವಾಗ ಕೊಟ್ರೇಶಪ್ಪ ಅದನ್ನು ಅಣ್ಣನ ಮಡಿಲಿಗೇ ಹಾಕಿದರು. ನಾನು ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ನನ್ನ ಶೆಡ್ಡಿಗೆ ಎಳೆದು ತಂದೆ. ಅದಿನ್ನೂ ಅಲ್ಲೇ ಇದೆ. ಬೇರೆ ರೋಟರ್ ತರಿಸು ಎಂದು ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.

ಅವರು ವಾರಕ್ಕೊಮ್ಮೆ ಬರುತ್ತಾರೆ. ಚಹಾ ಕುಡಿಯುತ್ತಾರೆ. ಪ್ರತಿ ಸಲ ಒಂದೇ ಮಾತು ಕೇಳುತ್ತಾರೆ.

"ಸಿಟ್ಟಿಗೆ ತಗದನೋ, ತಿಪ್ಪೇಶಿ? ಇಲ್ಲಾಂದ್ರ ಮುಂದ ರಸ್ತ್ಯಾಗ ನಮಗೇನರ ಆಗೂದಿತ್ತೋ?"

"ಏನೋ ಆಗೂದಿತ್ರಿ. ನಿಮ್ಮನ್ನ ಉಳಿಸ್ಯಾರ," ಎನ್ನುತ್ತೇನೆ. ಅವರು ತಲೆಯಾಡಿಸಿ ಎದ್ದು ಹೋಗುತ್ತಾರೆ.

ಆ ರಸ್ತೆಯ ಪ್ರತಿ ಊರಿನಲ್ಲೂ, ಪ್ರತಿ ಪಂಕ್ಚರ್ ಅಂಗಡಿಯಲ್ಲೂ ನಾನು ಗುಟ್ಟಾಗಿ ವಿಚಾರಿಸಿ ಬಂದಿದ್ದೇನೆ. ಆ ರಾತ್ರಿ ಅಲ್ಲಿ ಸೇತುವೆ ಕುಸಿದಿರಲಿಲ್ಲ, ಲಾರಿ ಅಡ್ಡ ಬಿದ್ದಿರಲಿಲ್ಲ, ಒಂದು ಕುರಿಯೂ ಸತ್ತಿರಲಿಲ್ಲ. ಹಡಗಲಿಯವರೆಗೂ ರಸ್ತೆ ಖಾಲಿ ಇತ್ತು.

ಇದನ್ನು ಅವರಿಗೆ ಹೇಳಿಲ್ಲ.