ಖರ್ಚಿಲ್ಲದ ವೇಷ

ಅಕ್ಟೋಬರ್ ತಿಂಗಳಿಡೀ ವೈನಿಯ ಬೆರಳ ತುದಿಗಳಲ್ಲಿ ಒಣಗಿದ ಗೋಂದು ತೆಳ್ಳಗೆ ಪೊರೆ ಕಟ್ಟಿರುತ್ತಿತ್ತು. ಮಾತಾಡುತ್ತಲೇ ಅದನ್ನು ಉಗುರಿನಿಂದ ಎಬ್ಬಿಸಿ, ಸುಲಿದು, ದುಪಟ್ಟಾಕ್ಕೆ ಒರೆಸಿ, ಅದೇ ಕೈಯಿಂದ ನನಗೆ ಚಹಾ ಕೊಡುತ್ತಿದ್ದರು. ನಾನೂ ಕುಡಿಯುತ್ತಿದ್ದೆ.

ಅವರೇನು ನನ್ನ ಅಣ್ಣನ ಹೆಂಡತಿಯಲ್ಲ. ಪರ್ವರಿಯ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯವರು, ಧಾರವಾಡದ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಗಂಡನ ನೌಕರಿಯ ಬೆನ್ನು ಹಿಡಿದು ನಾನು ಗೋವಾಕ್ಕೆ ಬಂದ ಹೊಸತು. ನಾನು ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದದ್ದನ್ನು ಕೇಳಿಸಿಕೊಂಡು, ಫೋನ್ ಇಡುವವರೆಗೂ ಕಾದು ನಿಂತು, ಯಾವ ಊರೆಂದು ವಿಚಾರಿಸಿದರು. ಅವತ್ತೇ ವೈನಿಯಾದರು. ನನ್ನ ಮಗಳಿಗೆ ಡೆಂಗೀ ಆದಾಗ ಗಂಡ ಊರಲ್ಲಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತವರು, ಗಂಜಿ ಮಾಡಿಕೊಂಡು ಬಂದವರು, ಡಾಕ್ಟರ ಜೊತೆ ಕೊಂಕಣಿಯಲ್ಲಿ ಜಗಳ ಆಡಿದವರು ಇದೇ ವೈನಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸಿಟ್ಟಿನಲ್ಲಿ ಬಿಟ್ಟುಹೋಗಬಾರದು.

ನಮ್ಮ ಕಟ್ಟಡದಲ್ಲಿ ಮುಂಬೈ, ದಿಲ್ಲಿಯಿಂದ ಬಂದು ನೆಲೆಸಿದವರು ಬಹಳ. ಅವರ ಮಕ್ಕಳ ಹಟಕ್ಕೆ ಹ್ಯಾಲೋವೀನ್ ಶುರುವಾಯಿತು. ದೆವ್ವದ ಹಬ್ಬಕ್ಕೂ ಮನೆಗಿಷ್ಟು ದುಡ್ಡೆಂದು ವರ್ಗಣಿ ಎತ್ತುವುದೇ ಎಂದು ನಾನು ಗೊಣಗಿದೆ. ಅಲಂಕಾರಕ್ಕೆ ಹೊರಗಿನವರನ್ನು ಕರೆಸೋಣ, ಸಾಮಾನೆಲ್ಲ ಆನ್‌ಲೈನಿನಲ್ಲಿ ತರಿಸೋಣ ಎಂದು ಕಮಿಟಿಯವರು ಲೆಕ್ಕ ಹಾಕುತ್ತಿದ್ದಾಗ ವೈನಿ ಎದ್ದು ನಿಂತು, ಅಷ್ಟು ದುಡ್ಡು ಯಾಕೆ ಸುರಿಯುತ್ತೀರಿ, ನನಗೆ ಬಿಡಿ ಅಂದರು.

ಗೋವಾದಲ್ಲಿ ದೀಪಾವಳಿಯ ಹಿಂದಿನ ರಾತ್ರಿ ಓಣಿಗೊಂದು ನರಕಾಸುರನನ್ನು ನಿಲ್ಲಿಸಿ ಬೆಳಗಾಗುವ ಮೊದಲು ಸುಟ್ಟುಬಿಡುತ್ತಾರೆ. ಅದಕ್ಕೆಂದು ಮಾಪುಸಾ ಪೇಟೆಗೆ ಬಂದ ರಟ್ಟಿನ ಮುಖವಾಡಗಳು ಹಬ್ಬ ಕಳೆದ ಮೇಲೆ ಯಾರಿಗೂ ಬೇಡ. ವೈನಿ ಆಗ ಹೋಗಿ, ಅಂಗಡಿಯವನ ತಲೆ ತಿಂದು, ಕೋರೆಹಲ್ಲಿನವು, ಮೀಸೆಯವು, ಕಿವಿ ಮುರಿದವು ಎಲ್ಲವನ್ನೂ ಮಣ್ಣಿನ ಬೆಲೆಗೆ, ಮುಂದಿನ ವರ್ಷಕ್ಕೆಂದು ಗೋಣಿಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ಮೀಸೆಯ ಮೇಲೆ ಬಿಳಿ ಬಣ್ಣ ಬಳಿದರೆ ನರಕಾಸುರ ಹೋಗಿ ವಿಲಾಯಿತಿ ದೆವ್ವ. ಹಳೆಯ ಸೊಳ್ಳೆಪರದೆ ಹರಿದು ಮೂಲೆಗೆ ಕಟ್ಟಿದರೆ ಜೇಡರ ಬಲೆ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕಬಾರದೆಂದು, ಟಿವಿ ನೋಡುತ್ತ ಕೂತ ಯಜಮಾನರನ್ನು ಎಬ್ಬಿಸಿ ಒಂದು ಗೀರು ಎಳೆಸಿ, ಆಮೇಲೆ ತಾವೇ ಕೂತು ಅದಕ್ಕೆ ಕಣ್ಣು, ಬಾಯಿ ಕೆತ್ತುತ್ತಿದ್ದರು. ತಿರುಳು ಮರುದಿನ ಪಲ್ಯವಾಗಿ ನಮ್ಮ ಮನೆಗೆ ಬರುತ್ತಿತ್ತು. ಇಷ್ಟಕ್ಕೆಲ್ಲ ಅವರದು ಒಂದೇ ಮಾತು:

"ಮನ್ಯಾಗ ಏನ್ ಬಿದ್ದದ ಅದನ್ನ ಮೊದಲ ನೋಡಬೇಕವಾ. ಅಂಗಡಿ ಎಲ್ಲಿ ಓಡಿ ಹೋಗ್ತದ?"

ನಾನು ಅವರಿಂದ ಕಲಿತದ್ದು ಅಷ್ಟಿಷ್ಟಲ್ಲ. ಮಗಳ ಕಪ್ಪು ಛತ್ರಿ ಮುರಿದಾಗ ಅದರ ಬಟ್ಟೆಯಿಂದ ಬಾವಲಿಯ ರೆಕ್ಕೆ ಹೊಲಿದುಕೊಟ್ಟು ಆ ವರ್ಷ ಮಕ್ಕಳಲ್ಲಿ ಅವಳಿಗೇ ಬಹುಮಾನ ಬರುವ ಹಾಗೆ ಮಾಡಿದರು. ದೊಡ್ಡವರ ವೇಷದ ಸ್ಪರ್ಧೆಯಲ್ಲಿ ಮಾತ್ರ ವೈನಿಗೆ ಬಹುಮಾನ ಬಂದಿರಲಿಲ್ಲ. ಮನೆಯಲ್ಲೇ ಮಾಡಿದ ವೇಷಕ್ಕೆ ಬಹುಮಾನ ಎಂದು ಕಮಿಟಿಯವರು ಸಾರುವುದು, ಯಾರೋ ಕೊಂಡು ತಂದದ್ದನ್ನೇ ಮನೆಯದೆಂದು ಉಟ್ಟು ಗೆಲ್ಲುವುದು. ಅದು ಅವರಿಗೆ ಉರಿಯುತ್ತಿತ್ತು.

ಇನ್ನು ನಮ್ಮ ಅವ್ವ. ನವಲಗುಂದದ ಹತ್ತಿರದ ಹಳ್ಳಿಯವಳು. ಪ್ರತಿ ವರ್ಷ ದೀಪಾವಳಿಗೆ ನಮ್ಮಲ್ಲಿ ಬಂದು ತಿಂಗಳೊಪ್ಪತ್ತು ಇದ್ದು ಹೋಗುತ್ತಾಳೆ. ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಕೆಳಗಿನ ನುಣುಪು ಕಲ್ಲಿನ ಮೇಲೆ ಜಾರೀತೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಾಳೆ. ಲಿಫ್ಟೆಂದರೆ ಅವಳಿಗೆ ಜೀವಭಯ. ಆದರೆ ನಮ್ಮ ಮನೆ ನಾಲ್ಕನೇ ಮಹಡಿ, ಮೊಣಕಾಲು ನೋವು ಬೇರೆ. ಒಳಗೆ ಹೋದ ಕೂಡಲೇ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಸೆರಗು ಬಿಗಿಹಿಡಿದು, ಊರ ಬಸವಣ್ಣನಿಗೆ ಮೊರೆ ಇಡುತ್ತಿದ್ದಳು: "ಯಪ್ಪಾ ಬಸವಣ್ಣಾ, ಒಳಗ ಹಾಕೀದಿ, ಹೊರಗೂ ನೀನ ತಗಿಯಪಾ." ಬೇರೆಯವರಿದ್ದರೆ ತುಟಿ ಕಚ್ಚಿ ಸುಮ್ಮನಿರುತ್ತಿದ್ದಳು. ಆ ಮಾತು ಕೇಳಿದವರು ನಾವು ಮನೆಯವರು, ಮತ್ತೆ ವೈನಿ. ವೈನಿ ಎಷ್ಟೋ ಸಲ ಅವಳ ಕೈ ಹಿಡಿದುಕೊಂಡು ಮೇಲೆ ಬಿಟ್ಟುಹೋಗಿದ್ದರು. ಇಡೀ ಕಟ್ಟಡದಲ್ಲಿ ಅವ್ವ ಬಾಯಿ ಬಿಚ್ಚಿ ಮಾತಾಡುತ್ತಿದ್ದದ್ದು ಅವರ ಅಡುಗೆಮನೆಯಲ್ಲಿ ಮಾತ್ರ.

ಒಂದು ವರ್ಷ ದೀಪಾವಳಿ ಅಕ್ಟೋಬರಿನಲ್ಲೇ ಬಂತು. ಹಬ್ಬ ಮುಗಿದ ಮೇಲೆ ವೈನಿ ಬಂದು ಅವ್ವನ ಹತ್ತಿರ ಸೀರೆ ಕೇಳಿದರು. ನಮ್ಮ ಕಡೆಯ ಹೆಣ್ಣುಮಕ್ಕಳು ಹೇಗೆ ಉಡುತ್ತಾರೆಂದು ಈ ಜನಕ್ಕೆ ತೋರಿಸುತ್ತೇನೆ ಅಂದರು. ಅವ್ವ ಹಿಗ್ಗಿ ಹೀರೇಕಾಯಿಯಾದಳು. ಗಂಟಿನ ತಳದಿಂದ ಕೆಂಪು ಸೆರಗಿನ ಒಳ್ಳೆಯ ಸೀರೆ ತೆಗೆದಳು. ಹ್ಯಾಲೋವೀನ್ ಸಂಜೆ ವೈನಿಯನ್ನು ಎದುರು ನಿಲ್ಲಿಸಿಕೊಂಡು ತಾನೇ ಕಚ್ಚೆ ಹಾಕಿದಳು, ತಾನೇ ಹಣೆಗೆ ಕುಂಕುಮ ಇಟ್ಟಳು, ದೂರ ಸರಿದು ನೋಡಿ ದೃಷ್ಟಿಯನ್ನೂ ತೆಗೆದಳು. ಆಮೇಲೆ ನಾವು ಮೂವರೂ ಕೆಳಗಿಳಿದು, ಅವ್ವ, ನಾನು, ಮಗಳು, ಮುಂದಿನ ಸಾಲಿನಲ್ಲಿ ಕೂತೆವು.

ವೈನಿಯ ಸರದಿ ಬಂದಾಗ ದೀಪ ಆರಿಸಿದರು. ಮುಖಕ್ಕೆಲ್ಲ ಬೂದಿ ಬಳಿದುಕೊಂಡು, ಹಲ್ಲಿಗೆ ಮಸಿ ಹಚ್ಚಿ, ಕೂದಲು ಕೆದರಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಮೊಣಕಾಲಿನ ಮೇಲೆ ಕೈಯೂರಿ ಕುಂಟುತ್ತ ಬಂದರು. ಮಧ್ಯದಲ್ಲಿ ನಿಂತರು. ಕಣ್ಣು ಮುಚ್ಚಿದರು. ಸೆರಗು ಬಿಗಿಹಿಡಿದು, ನಡುಗುವ ದನಿಯಲ್ಲಿ, "ಯಪ್ಪಾ ಬಸವಣ್ಣಾ, ಒಳಗ ಹಾಕೀದಿ, ಹೊರಗೂ ನೀನ ತಗಿಯಪಾ" ಅಂದರು. ಅದನ್ನೇ ಮತ್ತೆ ಮತ್ತೆ, ದನಿ ಏರಿಸುತ್ತ ಅಂದರು. ಜನರಿಗೆ ಅದು ಯಾವುದೋ ಮಾಟದ ಮಂತ್ರ. ಮಕ್ಕಳು ಕಿರುಚಿದವು, ದೊಡ್ಡವರು ಸೀಟಿ ಹೊಡೆದರು. ನನ್ನ ಮಗಳು ನನ್ನ ತೋಳು ಜಗ್ಗಿ, "ಅಮ್ಮಾ, ಅದು ಅಜ್ಜಿ" ಅಂದಳು.

ನಾನು ಅವ್ವನ ಕಡೆ ತಿರುಗಿದೆ. ಅವಳು ಕಾಲ ಬಳಿ ಇಟ್ಟುಕೊಂಡಿದ್ದ ಚಪ್ಪಲಿಯನ್ನು ಮೆಲ್ಲಗೆ ಮೆಟ್ಟಿಕೊಳ್ಳುತ್ತಿದ್ದಳು.

ಬಹುಮಾನ ವೈನಿಗೇ ಬಂತು. ನಾನು ಚಪ್ಪಾಳೆ ತಟ್ಟಲಿಲ್ಲ. ವಾಪಸು ಹೋಗಲು ಲಿಫ್ಟಿನ ಬಾಗಿಲು ಹಿಡಿದು ನಿಂತೆ; ಅವ್ವ ನನ್ನನ್ನು ದಾಟಿ ಮೆಟ್ಟಿಲ ಕಡೆ ನಡೆದಳು.

ಮರುದಿನ ವೈನಿ ಸೀರೆ ಮಡಚಿಕೊಂಡು, ಬಹುಮಾನದ ಚಾಕಲೇಟ್ ಡಬ್ಬಿ ಹಿಡಿದುಕೊಂಡು ನಗುತ್ತ ಬಂದರು. ಅವ್ವ ಸೀರೆಗೆ ಕೈ ಚಾಚಲಿಲ್ಲ.

"ನೀನ ಇಟ್ಕೊ ಯವ್ವಾ. ದೆವ್ವ ಉಟ್ಟ ಸೀರಿ ನಾ ಹೆಂಗ ಉಡ್ಲಿ?"

ಅಷ್ಟು ಹೇಳಿ ಒಳಗೆ ಹೋದಳು. ವೈನಿ ಪೆಚ್ಚಾದರು. ಬರೀ ಚ್ಯಾಷ್ಟಿಗೆ ಮಾಡಿದ್ದು, ಅವ್ವಾರು ಮನಸ್ಸಿಗೆ ಹಚ್ಚಿಕೊಂಡರೇನು ಎಂದು ನನ್ನನ್ನು ಕೇಳಿದರು. ಬೂದಿ, ಮಸಿ ಹೋಗಲಿ, ಲಿಫ್ಟಿನ ಆ ಮಾತನ್ನು ಯಾಕೆ ಎತ್ತಿದಿರಿ ಎಂದು ನಾನು ಕೇಳಿದೆ.

"ಅದರಾಗೇನದ? ಇಲ್ಲೆ ಕನ್ನಡ ಯಾರಿಗೆ ತಿಳೀತದ?" ಅಂದರು.

ಈ ಉತ್ತರವನ್ನು ನಾನು ಇವತ್ತಿಗೂ ನುಂಗಿಕೊಂಡಿಲ್ಲ. ದಿಲ್ಲಿಯವರು ಯಾರಾದರೂ ಹೀಗೆ ಅಣಕಿಸಿದ್ದರೆ ಅವರಿಗೇನು ಗೊತ್ತು ಎಂದು ಬಿಟ್ಟುಬಿಡುತ್ತಿದ್ದೆ. ಅವ್ವ ಹೇಗೆ ಹೆದರುತ್ತಾಳೆ, ಯಾವ ದೇವರನ್ನು ಕರೆಯುತ್ತಾಳೆ ಎಂಬುದು ಅವಳ ಕೈ ಹಿಡಿದವರಿಗಷ್ಟೇ ಗೊತ್ತಿತ್ತು. ಮನೆಯಲ್ಲಿ ಏನು ಬಿದ್ದಿದೆ ಎಂದು ಹುಡುಕಿದ ವೈನಿಗೆ ನನ್ನ ಮನೆಯಲ್ಲಿ ಸಿಕ್ಕಿದ್ದು ನನ್ನ ಅವ್ವ. ನಮ್ಮವರೆಂದು ನಂಬಿ ಬಾಗಿಲು ತೆಗೆದದ್ದಕ್ಕೆ ನನಗೆ ಸಿಕ್ಕಿದ್ದು ಇದು.

ಮಾತು ಬಿಡಲಿಲ್ಲ, ಆದರೆ ಚಹಾಕ್ಕೆ ಹೋಗುವುದು ನಿಂತಿತು. ಒಂದೆರಡು ವರ್ಷಕ್ಕೆ ಅವರ ಯಜಮಾನರಿಗೆ ಪುಣೆಗೆ ವರ್ಗವಾಯಿತು. ಹೋಗುವ ಮುಂಚೆ ಬಂದು ಮುಖವಾಡಗಳ ಗೋಣಿಚೀಲವನ್ನು ನನಗೇ ಒಪ್ಪಿಸಿ, ಇನ್ನು ನೀನೇ ನೋಡಿಕೋ ಅಂದರು. ಅಲಂಕಾರ ಈಗ ನನ್ನ ಪಾಲಿಗೆ ಬಂದಿದೆ. ಮಾಪುಸಾಕ್ಕೆ ಹೋಗುವುದೂ ನಾನೇ, ಸೊಳ್ಳೆಪರದೆ ಹರಿಯುವುದೂ ನಾನೇ, ನನ್ನ ಬೆರಳಲ್ಲೂ ಗೋಂದು. ಸುಲಿಯುವಾಗೆಲ್ಲ ಅವರ ನೆನಪಾಗಿ ಮೈ ಉರಿಯುತ್ತದೆ.

ಅವ್ವ ಈಗಲೂ ದೀಪಾವಳಿಗೆ ಬರುತ್ತಾಳೆ. ಎಷ್ಟು ಗೋಗರೆದರೂ ಲಿಫ್ಟಿಗೆ ಕಾಲಿಡುವುದಿಲ್ಲ. ಕಳೆದ ಸಲ ಎರಡನೇ ಮಹಡಿಯಲ್ಲಿ ದಮ್ಮು ಹತ್ತಿ, ವೈನಿ ಇದ್ದ ಮನೆಯ ಮುಚ್ಚಿದ ಬಾಗಿಲ ಎದುರು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೊಣಕಾಲು ನೀವಿಕೊಳ್ಳುತ್ತ ಬಾಗಿಲನ್ನೇ ನೋಡಿದಳು.

"ಆಕಿ ಇದ್ದಿದ್ರ ಈಗ ನೀರು ತಂದು ಕೊಡತಿದ್ಲು" ಅಂದಳು.

ಹೌದು, ಕೊಡುತ್ತಿದ್ದರು. ಕೂರಿಸಿ, ಬೆನ್ನು ಸವರಿ ಕುಡಿಸುತ್ತಿದ್ದರು. ಅದಕ್ಕೇ ನನಗೆ ಅವರನ್ನು ಕ್ಷಮಿಸಲು ಆಗುವುದಿಲ್ಲ.