ಐದು ಗಂಟೆಗೆ ತೆಳ್ಳಗಾಗುವ ಹಾಡು

1999ರ ಡಿಸೆಂಬರ್ ಕೊನೆಯ ವಾರದ ಒಂದು ಸಂಜೆ, ಮಿಶಿಗನ್ನಿನ ವಾರೆನ್ ಊರಿನ ಹೊಲಿಗೆ ಅಂಗಡಿಯೊಂದರಲ್ಲಿ ಮೂವರು ಸೂರ್ಯ ಮುಳುಗುವುದಕ್ಕೆ ಎಂಟು ನಿಮಿಷ ಮೊದಲೇ ರಂಜಾನಿನ ಉಪವಾಸ, ರೋಜಾ, ಬಿಟ್ಟರು. ಖರ್ಜೂರ ಹಂಚಿದವರು ಅಂಗಡಿಯ ಯಜಮಾನರು, ಹುಬ್ಬಳ್ಳಿಯ ದರ್ಜಿ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಅವರ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ದಾರ ಎಳೆದೆಳೆದು ಬಿದ್ದ ಒಂದು ಗೆರೆ ಇತ್ತು. ಅಂಗಡಿಯ ರೇಡಿಯೊದ ಗುಂಡಿಯನ್ನು ಆ ಉಗುರಿನಿಂದಲೇ ತಿರುಗಿಸುತ್ತಿದ್ದರು.

ತಿರುಗಿಸುವ ಪ್ರಸಂಗ ಕಡಿಮೆ. ಡೆಟ್ರಾಯಿಟ್ ಸೀಮೆಯ ಒಂದು ಎ.ಎಂ. ಸ್ಟೇಷನ್ನಿನ ಮೇಲೆ ಮುಳ್ಳು ಸದಾ ನಿಂತಿರುತ್ತಿತ್ತು. ಅಲ್ಲಿ ಬರುತ್ತಿದ್ದುದು ನಲವತ್ತು, ಐವತ್ತರ ದಶಕದ ಅಮೆರಿಕನ್ ಹಾಡುಗಳು. ದೊಡ್ಡ ವಾದ್ಯವೃಂದ, ಅವಸರವಿಲ್ಲದ ಗಾಯಕರು. ಹಾಡು ಪೂರ್ತಿ ಮುಗಿದ ಮೇಲಷ್ಟೇ ನಿರೂಪಕ ಬಾಯಿ ಬಿಡುತ್ತಿದ್ದ. ಅಂಕಲ್ ಇಂಗ್ಲಿಷ್ ಕಲಿತದ್ದು ಆ ಹಾಡುಗಳಿಂದ. “ಒಂದೊಂದ ಶಬ್ದಾನೂ ಅಂಚು ಮಡಚಿ ಹೊಲದು ಕೊಡ್ತಾರ್ರೀ ಇವರು. ಎಲ್ಲೂ ದಾರ ಬಿಡೂದಿಲ್ಲ,” ಎನ್ನುತ್ತಿದ್ದರು.

ಕಾಲೇಜಿನಲ್ಲಿದ್ದ ಮಗಳಿಗೆ ಅದು ಹಿಡಿಸದು; ಲಿಫ್ಟುಗಳಲ್ಲಿ ಸುಮ್ಮನೆ ಹಾಕಿಡುವ ಸಪ್ಪೆ ಹಾಡು ಅವಳಿಗೆ. “ಅಬ್ಬಾ, ದಿಸ್ ಈಸ್ ಎಲಿವೇಟರ್ ಮ್ಯೂಸಿಕ್.”

“ಎಲಿವೇಟರ್‌ನ್ಯಾಗ ಹೋಗೋರು ಮನಷ್ಯಾರಲ್ಲೇನವ್ವಾ?”

ಊರಿನಲ್ಲಿದ್ದ ಕಾರು ಕಂಪನಿಯ ಟೆಕ್ನಿಕಲ್ ಸೆಂಟರಿನಿಂದ ನಿವೃತ್ತರಾದ ಎಂಜಿನಿಯರುಗಳು ಪ್ಯಾಂಟು ಕೊಟ್ಟ ಮೇಲೂ ಎರಡು ಹಾಡು ನಿಂತು ಕೇಳಿ ಹೋಗುತ್ತಿದ್ದರು. ಶಿಕಾಗೊ ಬಳಿಯ ವೆಸ್ಟ್‌ಮಂಟ್‌ನಲ್ಲಿ ಅಂಕಲ್‌ಗೆ ತಂಗಿಯಿದ್ದಳು. ಅಲ್ಲಿಗೆ ಹೋಗಿಬಂದಾಗಲೆಲ್ಲ ತಂಗಿಯ ಸುದ್ದಿಗಿಂತ ಮೊದಲು ಇದನ್ನು ಹೇಳುತ್ತಿದ್ದರು: “ಜ್ಯಾಕ್ಸನ್ ಎಕ್ಸಿಟ್ ದಾಟಿದ ಮ್ಯಾಲ ನಮ್ಮ ಸ್ಟೇಷನ್ ಹೋತು. ಸರೋವರದ ತಿರುವಿನಾಗ ಶಿಕಾಗೊದವರದು ಬಂತು. ಅಲ್ಲೂ ಇಂಥವ ಹಾಡು. ನಡುವಿನ ನೂರು ಮೈಲು ನಾನ ಹಾಡಿದೆ.”

ಸೂರ್ಯಾಸ್ತಕ್ಕೆ ಡೆಟ್ರಾಯಿಟ್ಟಿನ ಸ್ಟೇಷನ್ ತನ್ನ ಪ್ರಸಾರಶಕ್ತಿಯನ್ನು ತಗ್ಗಿಸಬೇಕಿತ್ತು. ಎ.ಎಂ. ಅಲೆಗಳು ರಾತ್ರಿ ಬಹಳ ದೂರ ಹೋಗುವುದರಿಂದ ದೂರದ ಇನ್ನೊಂದು ಸ್ಟೇಷನ್ನಿಗೆ ಅಡ್ಡಿಯಾಗಬಾರದೆಂಬ ನಿಯಮ. ಹಾಡು ಇದ್ದಕ್ಕಿದ್ದಂತೆ ತೆಳ್ಳಗಾಗಿ ಗರಗರ ಶುರುವಾಗುತ್ತಿತ್ತು. ಆ ವರ್ಷದ ರಂಜಾನಿನಲ್ಲಿ ಅಂಗಡಿಯ ಕಟಿಂಗ್ ಮಾಸ್ತರ, ಕಲಬುರಗಿಯವ, ಕೇಳಿದ:

“ಸೇಠ್, ರೋಜಾದಾಗ ಹಾಡು ಕೇಳೂದು ಸರಿ ಏನ್ರಿ?”

“ಹಾಡಲ್ಲ ಮಾಸ್ತರ, ಅದು ನನ್ನ ಗಡಿಯಾರ.”

ಮೊದಲ ನಾಲ್ಕು ದಿನ ಹಾಡು ತೆಳ್ಳಗಾದದ್ದೂ ಮಸೀದಿಯ ವೇಳಾಪಟ್ಟಿಯೂ ತಾಳೆಯಾದವು. ಆಮೇಲೆ ಪಟ್ಟಿಯನ್ನು ಯಾರೂ ನೋಡಲಿಲ್ಲ; ಹಾಡು ತೆಳ್ಳಗಾದೊಡನೆ ರೋಜಾ ಬಿಡುತ್ತಿದ್ದರು.

ನಾನು ಕೌಂಟಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಹವಾಮಾನದ ಅಂಕಣದಲ್ಲಿ ಸೂರ್ಯಾಸ್ತದ ಸಮಯ ಸರಿನೋಡುವುದೂ ನನ್ನ ಕೆಲಸ. ಆ ಸಂಜೆ ಪ್ಯಾಂಟು ಒಯ್ಯಲು ಹೋಗಿದ್ದೆ. ಹಾಡು ತೆಳ್ಳಗಾಯಿತು. ಅಂಕಲ್ ಬಿಸ್ಮಿಲ್ಲಾ ಎಂದು ಖರ್ಜೂರ ಬಾಯಿಗಿಟ್ಟರು. ಮಾಸ್ತರನೂ ಪಕ್ಕದ ಟೈರ್ ಅಂಗಡಿಯ ಯೆಮೆನ್ ದೇಶದ ಮುದುಕನೂ ಅವರನ್ನು ನೋಡಿ ತಿಂದರು. ಗೋಡೆ ಗಡಿಯಾರದಲ್ಲಿ ಐದು.

“ಅಂಕಲ್, ಇವತ್ತು ಸನ್‌ಸೆಟ್ ಐದು ಎಂಟಕ್ಕೆ,” ಎಂದೆ. “ಪೇಪರ್‌ಗೆ ನಾನೇ ಹಾಕಿದೀನಿ.”

ಅವರು ಬಾಯಲ್ಲಿದ್ದುದನ್ನು ಕಾಗದಕ್ಕೆ ಉಗುಳಿದರು. “ಎಷ್ಟ ದಿನದಿಂದ?”

ಮರುದಿನ ಸ್ಟೇಷನ್ನಿಗೆ ಫೋನ್ ಮಾಡಿದೆ. ಶಕ್ತಿ ತಗ್ಗಿಸಲು ತಿಂಗಳಿಡೀ ಒಂದೇ ಸಮಯ, ಅದೂ ಹತ್ತಿರದ ಕಾಲುಗಂಟೆಗೆ ಹೊಂದಿಸಿದ್ದು ಎಂದು ಅಲ್ಲಿಯ ಎಂಜಿನಿಯರ್ ಹೇಳಿದ. ಡಿಸೆಂಬರಿಗೆ ಐದು ಗಂಟೆ. ಸೂರ್ಯ ಮಾತ್ರ ತಿಂಗಳ ನಡುವಿನಿಂದ ಸ್ವಲ್ಪಸ್ವಲ್ಪವೇ ತಡಮಾಡುತ್ತಿದ್ದ. ಹಳೆಯ ಸಂಚಿಕೆಗಳನ್ನು ಹೊತ್ತುಕೊಂಡು ಅಂಗಡಿಗೆ ಹೋದೆ. ಅಂಕಲ್ ಒಂದೊಂದನ್ನೂ ತೆರೆದು ನೋಡಿ, ಕೆಟ್ಟ ದಿನಗಳ ಮೇಲೆ ಬಟ್ಟೆಯ ಸೀಮೆಸುಣ್ಣದಿಂದ ಗೀಟು ಎಳೆದರು. ಹದಿನೈದು ರೋಜಾ.

“ದೇವರಿಗೆ ಗೊತ್ತು, ಬಿಡು,” ಎಂದು ಯೆಮೆನಿನ ಮುದುಕ ಇಂಗ್ಲಿಷಿನಲ್ಲಿ ಹೇಳಿ ನಕ್ಕ. ಅಂಕಲ್ ನಗಲಿಲ್ಲ. ನನ್ನ ಕಡೆ ತಿರುಗಿ, “ನನ್ನ ಬಾಯಿ ನೋಡಿ ಅವರು ಬಾಯಿ ತೆರದಾರ. ಅದು ನನ್ನ ಮ್ಯಾಲ ಐತಿ,” ಎಂದರು.

ಹಬ್ಬ ಕಳೆದ ಮೇಲೆ, ಚಳಿ ಶೂನ್ಯ ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದ ದಿನಗಳಲ್ಲಿ, ಹದಿನೈದೂ ರೋಜಾಗಳನ್ನು ಮತ್ತೆ ಹಿಡಿದರು. ಮಾಸ್ತರ ಜೊತೆಗೂಡಿದ. ಮುದುಕ ಎರಡು ದಿನ ಗೊಣಗಿ ಮೂರನೆಯ ದಿನ ಬಂದು ಕೂತ. ಪ್ರತಿ ಸಂಜೆ ನಾನು ಡೆಸ್ಕಿನಿಂದ ಫೋನ್ ಮಾಡಿ ಆ ದಿನದ ನಿಮಿಷ ಹೇಳುತ್ತಿದ್ದೆ. ಆ ಕಡೆಯಿಂದ ಒಂದೇ ಮಾತು: “ಬರಕೊಂಡೆ.” ಹಿಂದೆ ಹಾಡು ಕೇಳುತ್ತಿತ್ತು.

“ಇನ್ನೂ ಅದೇ ಸ್ಟೇಷನ್ನಾ ಅಂಕಲ್?” ಎಂದು ಒಮ್ಮೆ ಕೇಳಿದೆ.

“ಅದೇನು ಸುಳ್ಳ ಹೇಳೇತ್ರೀ? ಹಾಡು ಕೇಳೂದ ಬಿಟ್ಟು ಅದರಾಗ ನಾ ಟೈಮ್ ಕೇಳಿದೆ. ಈಗ ಟೈಮಿಗೆ ನೀವು, ಹಾಡಿಗೆ ಅದು.”

ಮುಂದಿನ ರಂಜಾನಿನಿಂದ ಆ ಫೋನ್ ರೂಢಿಯಾಯಿತು. ಮಸೀದಿಯ ಪಟ್ಟಿ ರೇಡಿಯೊದ ಪಕ್ಕದಲ್ಲೇ ತೂಗುತ್ತಿತ್ತು, ಆದರೂ ನನ್ನ ಫೋನಿಗೆ ಕಾಯುತ್ತಿದ್ದರು. 2004ರಲ್ಲಿ ಸ್ಟೇಷನ್ ಹಾಡು ನಿಲ್ಲಿಸಿ ಮಾತಿನ ಕಾರ್ಯಕ್ರಮಗಳಿಗೆ ತಿರುಗಿತು. ಅಂಕಲ್ ಒಂದು ವಾರ ಕೇಳಿದರು. “ಒಬ್ಬನ ಮಾತು ಮುಗಿಯೂದ್ರಾಗ ಇನ್ನೊಬ್ಬ ಶುರು ಮಾಡ್ತಾನ,” ಎಂದು ಉಗುರಿನಿಂದ ಗುಂಡಿ ತಿರುಗಿಸಿ ಬಂದ್ ಮಾಡಿದರು. ಆಮೇಲೆ ಅಂಗಡಿಯಲ್ಲಿ ತಾವೇ ಹಾಡಿಕೊಳ್ಳುತ್ತಿದ್ದರು, ಒಂದು ಶಬ್ದವನ್ನೂ ನುಂಗದೆ.

2007ರ ವಸಂತದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ರೇಡಿಯೊವನ್ನು ಮಗಳು ಕೇಳಿ ಪಡೆದಳು. ಅಂಗಡಿ ಮಾಸ್ತರನ ಕೈಗೆ ಬಂತು.

ಆ ಸೆಪ್ಟೆಂಬರಿನಲ್ಲಿ, ರಂಜಾನಿನ ಮೊದಲ ದಿನ, ಅಂಗಡಿಗೆ ಫೋನ್ ಮಾಡಿದೆ. ಮಾಸ್ತರ ಎತ್ತಿದ.

“ಏಳು ನಲವತ್ತಾರು,” ಎಂದೆ.

“ಬರಕೊಂಡೆ,” ಎಂದ.