ಅಜ್ಜಿಯ ಎತ್ತುಗಳು ಭಟ್ಟಿಗೆ ಹೋದ ಭಾನುವಾರ

ಆ ದಿನಗಳಲ್ಲಿ ಧಾರವಾಡದಲ್ಲಿ ನನ್ನಷ್ಟು ದೊಡ್ಡ ದಡ್ಡ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೂ ಅವನು ಹಸಿ ಮಣ್ಣಿನ ಎತ್ತುಗಳನ್ನು ಭಟ್ಟಿಯಲ್ಲಿ ಇಡುತ್ತಿರಲಿಲ್ಲ. ನಾನು ಇಟ್ಟೆ. ಅದೂ ಅಜ್ಜಿ ಮಾಡಿದ ಎತ್ತುಗಳನ್ನು.

ಆಗ ನಾನು ಐದನೇ ಈಯತ್ತೆ. ಮಳೆಗಾಲದ ಭಾನುವಾರಗಳಲ್ಲಿ ಕೆಲಗೇರಿಯ ಮೀನಾ ಟೀಚರ್ ತಮ್ಮ ಹಿತ್ತಲಿನಲ್ಲಿ ಮಕ್ಕಳಿಗೆ ಕುಂಬಾರಿಕೆ ಕಲಿಸುತ್ತಿದ್ದರು. ತಗಡಿನ ಮೇಲೆ ಜಿಟಿಜಿಟಿ ಮಳೆ, ಒದ್ದೆ ಮಣ್ಣಿನ ವಾಸನೆ, ನಡುವೆ ಚುರುಮುರಿ ಗಿರ್ಮಿಟ್ಟಿನ ಉಳ್ಳಾಗಡ್ಡಿ ವಾಸನೆ. ಚಕ್ರ ತಿರುಗತೊಡಗಿದರೆ ನನಗೆ ಜೊಂಪು ಹತ್ತುತ್ತಿತ್ತು. ಹಿತ್ತಲಿನಾಚೆಯ ಕೆರೆಯೇ ನಿಧಾನಕ್ಕೆ ನನ್ನ ಸುತ್ತ ತಿರುಗಿದಂತೆ ಅನಿಸುತ್ತಿತ್ತು. ಆ ಜೊಂಪಿನಲ್ಲೇ ನನ್ನ ಬೋಗುಣಿಯೂ ಅಂಗಾತ ಮಲಗಿಬಿಡುತ್ತಿತ್ತು.

"ಇದು ಬೋಗುಣಿ ಏನೋ, ದ್ವಾಸಿ ಏನೋ? ಚಟ್ನಿ ತರ್ಲೇನು?" ಎನ್ನುತ್ತಿದ್ದಳು ಪಕ್ಕದ ಚಕ್ರದ ಶಾಹೀನ್. ಅವಳು ಅಬ್ಬಾನ ಗ್ಯಾರೇಜಿಗೆಂದು ನೀರಿನ ಹೂಜಿ ಮಾಡಿದ್ದಳು. ಅದರ ಕುತ್ತಿಗೆ ಕೊಕ್ಕರೆಯದಂತೆ ಉದ್ದ, ಸಪೂರ.

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮಜ್ಜಿ ಪ್ರತಿ ವರ್ಷ ಕೆರೆಯ ಮಣ್ಣು ತಂದು ಜೋಡಿ ಎತ್ತು ಮಾಡುತ್ತಿದ್ದಳು. ಜೋಳದ ಕಾಳಿನ ಕಣ್ಣು, ಬೆನ್ನ ಮೇಲೆ ಅವಳ ಹೆಬ್ಬೆರಳಿನ ಗುರುತು. ಪೂಜೆ ಮುಗಿದು, ಹೋಳಿಗೆ ತಿಂದ ಮೇಲೆ ಅವನ್ನು ಕೆರೆಗೆ ಬಿಡುವ ಕೆಲಸ ನನ್ನದು. ಅವು ಕರಗುವುದನ್ನು ನೋಡಿ ಪ್ರತಿ ಸಲ ಮೂಗು ಸುರಿಸಿಕೊಂಡು ಅಳುತ್ತಿದ್ದೆ.

ಆ ವರ್ಷ ಟೀಚರ್ ಹೇಳಿದ್ದೊಂದು ಮಾತು ತಲೆಯಲ್ಲಿ ಕೂತಿತ್ತು: "ಸುಟ್ಟ ಮಣ್ಣು ನೀರಾಗ ಕರಗಂಗಿಲ್ಲ." ಅದರ ಹಿಂದೆಯೇ ಅವರು, "ಆದ್ರ ಪೂರಾ ಒಣಗಿರಬೇಕು, ಒಳಗ ಪೊಳ್ಳಿರಬೇಕು, ಇಲ್ಲಾಂದ್ರ ಸಿಡೀತೈತಿ" ಅಂದಿದ್ದರಂತೆ. ಆಗ ನಾನು ಗಿರ್ಮಿಟ್ಟಿನಲ್ಲಿ ಶೇಂಗಾ ಹುಡುಕುತ್ತಿದ್ದೆ.

ಕೆರೆಗೆ ಬಿಟ್ಟೆ ಎಂದು ಅಜ್ಜಿಗೆ ಸುಳ್ಳು ಹೇಳಿ, ಎತ್ತುಗಳನ್ನು ಟಿಫಿನ್ ಚೀಲದಲ್ಲಿ ಮಲಗಿಸಿಕೊಂಡು ಬಂದೆ. ಟೀಚರ್ ಸೌದೆ ತರಲು ಹೋದಾಗ ಭಟ್ಟಿಯೊಳಗೆ ಶಾಹೀನಳ ಹೂಜಿಯ ಹಿಂದೆ ನಿಲ್ಲಿಸಿದೆ. ಭಟ್ಟಿ ಹೊಗೆಯಾಡತೊಡಗಿತು. ನನಗೆ ಮತ್ತೆ ಜೊಂಪು. ಕನಸಿನಲ್ಲಿ ನಾನು ಹಣ್ಣುಹಣ್ಣು ಮುದುಕನಾಗಿದ್ದೇನೆ, ಎತ್ತುಗಳು ಮಾತ್ರ ಹಾಗೇ ನನ್ನ ಹಾಸಿಗೆಯ ಪಕ್ಕ ಮೆಲುಕು ಹಾಕುತ್ತಿವೆ.

ಢಬ್!

ಹುಬ್ಬಳ್ಳಿಯವರೆಗೂ ಕೇಳಿಸಿರಬೇಕು. ಭಟ್ಟಿ ಆರಿದ ಮೇಲೆ ನೋಡಿದರೆ ಎತ್ತುಗಳಿಲ್ಲ, ಹೂಜಿಗೆ ಕುತ್ತಿಗೆಯಿಲ್ಲ. ಬೂದಿಯಲ್ಲಿ ಒಂದೇ ಒಂದು ಕೊಂಬು.

"ಯಾರದಿದು ಕೊಂಬು?" ಟೀಚರ್ ಕೇಳಿದರು.

ಶಾಹೀನ್ ನನ್ನ ಮುಖ ನೋಡಿದಳು. "ಇವಂದಽ ರೀ ಟೀಚರ್. ಹುಟ್ಟಿದಾಗಿಂದ ಐತಿ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ; ಹೂಜಿಯ ಚೂರುಗಳನ್ನು ಓಢಣಿಯಲ್ಲಿ ಕಟ್ಟಿಕೊಂಡಳು. ಮುಂದೆ ಆ ಮಳೆಗಾಲವಿಡೀ ಅವಳ ಪಾಲಿನ ಮಣ್ಣು ತುಳಿದವನು ನಾನೇ.

ಈಗ ಆ ಹಿತ್ತಲಿನಲ್ಲಿ ಕಾರುಗಳು ನಿಲ್ಲುತ್ತವೆ. ಅಜ್ಜಿಯ ಬೆರಳುಗಳು ಮಡಚುವುದಿಲ್ಲ. ಅಮಾವಾಸ್ಯೆಗೆ ಅಂಗಡಿಯಿಂದ ಬಣ್ಣದ ಎತ್ತು ತರುತ್ತೇವೆ; ಅವುಗಳ ಬೆನ್ನ ಮೇಲೆ ಯಾರ ಹೆಬ್ಬೆರಳೂ ಇಲ್ಲ. ಅವಳು ಮಾಡಿದ್ದರಲ್ಲಿ ಉಳಿದದ್ದು ನನ್ನ ಹಳೇ ಕಂಪಾಸ್ ಪೆಟ್ಟಿಗೆಯಲ್ಲಿರುವ ಆ ಕೊಂಬೊಂದೇ.

ಅವತ್ತು ಸಂಜೆ ಅದನ್ನು ಅವಳ ಅಂಗೈಗಿಟ್ಟು, ಇವನ್ನಾದರೂ ಉಳಿಸಬೇಕೆಂದಿದ್ದೆ ಎಂದು ಬಿಕ್ಕಿದ್ದೆ. ಅಜ್ಜಿ ಕೊಂಬನ್ನು ಸೆರಗಿನಿಂದ ಒರೆಸಿ ಹೇಳಿದಳು:

"ಹುಚ್ಚಪ್ಯಾಲಿ, ಪ್ರತಿ ವರ್ಷ ಅದಽ ಕೆರಿ ಮಣ್ಣು ತರ್ತೇನಿ, ಅವಽ ಎತ್ತು ತಿರುಗಿ ಎದ್ದು ಬರ್ತಾವು. ನೀ ಸುಟ್ಟು ಉಳಿಸಾಕ ಹೋದಿ ನೋಡು, ಇವೆರಡು ಮಾತ್ರ ಇನ್ನ ಬರಂಗಿಲ್ಲ."